ಕೆಮ್ನಿಟ್ಸ್‌ನಲ್ಲಿ ನನ್ನ ಕೈ ಹಿಡಿದದ್ದು ಕೆಟ್ಟ ಕಾಫಿ ಮೆಷಿನ್

"ಶನಿವಾರ ಪುಕ್ಕಟೆ ದುಡಿಯೋಕೆ ಹೋಗ್ತಾನೆ, ತಲೆ ಕೆಟ್ಟಿದೆ" ಅಂತ ರೂಮಿನವರು ನಕ್ಕಿದ್ದರು. ಈಗ ಅವರೇ ಆ ರಿಪೇರಿ ಕೆಫೆಯ ವಿಳಾಸ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2022ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್‌ಗೆ ಅಂತ ಜರ್ಮನಿಯ ಈ ಊರಿಗೆ ಬಂದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಮಾಡಿಸಬೇಕಿತ್ತು, ಅಂದರೆ ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗಿಷ್ಟೇ ಅಂತ ತೆಗೆಯುವ ಖಾತೆ. ತಿಂಗಳಿಗೆ 861 ಯೂರೋ ಕೈಗೆ ಬರುತ್ತಿತ್ತು. ಬಾಡಿಗೆ, ವಿಮೆ ಕಳೆದು ಉಳಿಯುತ್ತಿದ್ದದ್ದು ಮುನ್ನೂರೈವತ್ತೋ ನಾನೂರೋ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು. ಯಾಕಾದರೂ ಬಂದೆನೋ ಅನ್ನಿಸುತ್ತಿತ್ತು.

ಮೊದಲು ಮಾಡಿದ್ದೆಲ್ಲ ತೋಪು. ಭಾಷಾ ಕೋರ್ಸಿಗೆ ಸುಮಾರು 300 ಯೂರೋ ಸುರಿದು ಅರ್ಧಕ್ಕೇ ಬಿಟ್ಟೆ. ಗೋದಾಮಿನ ಕೆಲಸಕ್ಕೆ ಗಂಟೆಗೆ 12 ಯೂರೋ ಸಿಕ್ಕಿತು. ಆದರೆ ಅಲ್ಲಿ ಎಲ್ಲರೂ ನಮ್ಮ ಕಡೆಯವರೇ. ಜರ್ಮನ್ ಬರಲಿಲ್ಲ, ತೆಲುಗು ಮಾತ್ರ ಚೆನ್ನಾಗಿ ಬಂತು.

ತಿಪಟೂರಿನಲ್ಲಿ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಇಲ್ಲಿ ಯಾರಿಗೂ ಹೇಳಿರಲಿಲ್ಲ, ಸುಮ್ನೆ ಯಾಕೆ ಅಂತ. ಟ್ರಾಮ್ ಸ್ಟಾಪಿನಲ್ಲಿ ರಿಪೇರಿ ಕೆಫೆಯ ಚೀಟಿ ನೋಡಿ ಹೋದೆ. ಜನ ಕೆಟ್ಟ ಸಾಮಾನು ತರುತ್ತಾರೆ, ಅವರ ಜೊತೆಗೇ ಕೂತು ಸರಿ ಮಾಡಬೇಕು. ಅವರು ಡಬ್ಬಿಗೆ ಕಾಸು ಹಾಕಿದರೆ ಹಾಕಿದರು. ನಮಗೆ ಕೇಕ್ ಮಾತ್ರ.

ಮೊದಲ ದಿನವೇ ಮಾನ ಹೋಯಿತು. ಕಾಫಿ ಮೆಷಿನ್ನಿನ ಥರ್ಮಲ್ ಫ್ಯೂಸ್, ಅಂದರೆ ಕಾವು ಮಿತಿ ಮೀರಿದರೆ ಕರೆಂಟ್ ಕಡಿಯುವ ಫ್ಯೂಸ್, ಹೋಗಿತ್ತು. ಹೊಸದನ್ನು ಬೆಸುಗೆ ಹಾಕಲು ಹೋದೆ. ಆ ಕಾವಿಗೇ ಅದೂ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಎದುರಿಗಿದ್ದ ಅಜ್ಜಿ "ಕಪುಟ್?" ಅಂದರು, ಕೆಟ್ಟೋಯ್ತಾ ಅಂತ. ಪಕ್ಕದ ಮೇಜಿನ ತಾತ ಮಾತಾಡದೆ ಕ್ರಿಂಪ್ ಮಾಡುವ, ಅಂದರೆ ಬೆಸುಗೆಯಿಲ್ಲದೆ ತಂತಿ ಒತ್ತಿ ಜೋಡಿಸುವ ಇಕ್ಕಳ ಚಾಚಿದರು. ಒತ್ತಿ ಕೂರಿಸಿದೆ. ಗೊರಗೊರ ಅಂತ ಕಾಫಿ ಇಳಿಯಿತು.

ಆಮೇಲೆ ಮಿಕ್ಸರ್, ಡ್ರಿಲ್ ಎಲ್ಲ ನನ್ನ ಮೇಜಿಗೇ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಬಿಚ್ಚದೆ ಹೇಳುತ್ತೇನೆ. ಹೇಗೆ ಅಂತ ಬರೆಯುವುದಿಲ್ಲ, ಅದು ಅಂಗಡಿ ವಿದ್ಯೆ. ಯಾರೋ ಬಿಟ್ಟುಹೋದ ಮೊಸರು ಮೆಷಿನ್‌ನಲ್ಲಿ ದೋಸೆ ಹಿಟ್ಟನ್ನೂ ಇಟ್ಟು ನೋಡಿದೆ. ಕಾವು ಜಾಸ್ತಿಯಾಗಿ ಹುಳಿ ಬಂತೇ ಹೊರತು ಉಬ್ಬಲಿಲ್ಲ.

ಮಾರ್ಚ್ ಹೊತ್ತಿಗೆ ಆ ತಾತ 'ಝೀ' ಬಿಟ್ಟು 'ಡು' ಅಂದರು. ನಮ್ಮಲ್ಲಿ 'ನೀವು' ಹೋಗಿ 'ನೀನು' ಆಗುತ್ತದಲ್ಲ, ಹಾಗೆ. ಅವತ್ತು ಟ್ರಾಮ್ ಹತ್ತದೆ ನಡೆದೇ ಮನೆಗೆ ಬಂದೆ. ಸಣ್ಣ ಮೋಟಾರ್‌ಗಳು ಯಾಕೆ ಬೇಗ ಕೆಡುತ್ತವೆ ಅನ್ನುವುದನ್ನೇ ಥೀಸಿಸ್‌ಗೆ ತಗೊಂಡೆ. ವರ್ಕ್‌ಸ್ಟುಡೆಂಟ್ ಕೆಲಸದ (ಓದುತ್ತಲೇ ಕಂಪನಿಯಲ್ಲಿ ಮಾಡುವ ಅರೆಕಾಲಿಕ ಕೆಲಸ) ಇಂಟರ್ವ್ಯೂನಲ್ಲೂ ಕೇಳಿದ್ದು ಬರೀ ಫ್ಯೂಸ್ ಕತೆ. ಕೆಲಸ ಸಿಕ್ಕಿತು.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ನನ್ನ ಮೇಜು ತೋರಿಸಿದೆ. "ಅಲ್ಲಿ ಮಿಕ್ಸಿ ರಿಪೇರಿಗೆ ಎಷ್ಟು ತಗೋತೀರಪ್ಪಾ?" ಅಂದರು. ಪುಕ್ಕಟೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಲ್ಲಿ ಹೇಳಬೇಡ" ಅಂದರು.