ಕನಸನ್ನು ಹಲಗೆಗೆ ಇಳಿಸುವುದು: ಮಾತಿ ಕ್ಲಾರ್ವೈನ್ ಅವರ ಮೊಟ್ಟೆ-ಎಣ್ಣೆ ವಿಧಾನ, ಮುಂಬೈ ಹವೆಗೆ ತಕ್ಕಂತೆ

ಕನಸಿನ ಚಿತ್ರ ಅಂದ ಕೂಡಲೇ ಬಹಳ ಮಂದಿ ಅಂಚುಗಳನ್ನೆಲ್ಲ ಒರೆಸಿ, ಮೇಲೊಂದಿಷ್ಟು ಮಂಜು ಕವಿಸಿಬಿಡುತ್ತಾರೆ. ಚಿತ್ರಕಾರ ಮಾತಿ ಕ್ಲಾರ್ವೈನ್ ಮಾಡಿದ್ದು ಇದಕ್ಕೆ ತದ್ವಿರುದ್ಧ. 1961ರ ಅವರ ‘ಅನನ್ಸಿಯೇಷನ್’ ಚಿತ್ರ ನೋಡಿ. ಯೇಸುವಿನ ತಾಯಿ, ಕಪ್ಪು ಮೈಯ ಮೇರಿ, ಕೊಂಗಾ ಡ್ರಮ್ ಏರಿ ಕುಳಿತ ಕೆಂಪು ರೆಕ್ಕೆಯ ದೇವದೂತ, ಸುತ್ತ ಹೂವು ಹಣ್ಣು. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಯಾವುದೂ ಮಸುಕಾಗಿಲ್ಲ. ಕನಸಿನಲ್ಲಿ ವಸ್ತುಗಳು ಸ್ಪಷ್ಟವಾಗಿಯೇ ಇರುತ್ತವೆ, ಇರಬಾರದ ಜಾಗದಲ್ಲಿ ಇರುತ್ತವೆ ಅಷ್ಟೆ. ಈ ಸ್ಪಷ್ಟತೆಯನ್ನೂ ಒಳಗಿನಿಂದ ಬರುವಂಥ ಬೆಳಕನ್ನೂ ತರುವ ಕೈಕೆಲಸ ಇಲ್ಲಿದೆ.

ಕ್ಲಾರ್ವೈನ್ ಹುಟ್ಟಿದ್ದು 1932ರಲ್ಲಿ, ಹ್ಯಾಂಬರ್ಗ್‌ನಲ್ಲಿ. ತಂದೆ ಯಹೂದಿ ವಾಸ್ತುಶಿಲ್ಪಿ. ಮಗುವಿಗೆ ಎರಡು ವರ್ಷವಿದ್ದಾಗ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಪ್ಯಾಲೆಸ್ತೀನ್ ಸೇರಿತು. ಪ್ಯಾರಿಸ್‌ನಲ್ಲಿ ಚಿತ್ರಕಾರ ಫರ್ನಾಂದ್ ಲೆಜೆ ಅವರ ಬಳಿ ಕಲಿತರೂ, ಮೊಟ್ಟೆ ಬಣ್ಣದ ಮೇಲೆ ಎಣ್ಣೆ ಬಣ್ಣ ಕೂರಿಸುವ ಹಳೆಯ ವಿಧಾನ ಕೈಗೆ ಬಂದದ್ದು ವಿಯೆನ್ನಾದ ಚಿತ್ರಕಾರ ಅರ್ನ್ಸ್ಟ್ ಫುಕ್ಸ್ ಅವರಿಂದ. ಮುಂದೆ ನ್ಯೂಯಾರ್ಕ್‌ಗೆ ಹೋದರು, ಹೆಸರಿನ ಜೊತೆ ‘ಅಬ್ದುಲ್’ ಸೇರಿಸಿಕೊಂಡರು. 1970ರಲ್ಲಿ ‘ಅನನ್ಸಿಯೇಷನ್’ ಸಂಟಾನಾ ರಾಕ್ ತಂಡದ ‘ಅಬ್ರಾಕ್ಸಸ್’ ರೆಕಾರ್ಡಿನ ಮುಖಪುಟವಾಯಿತು. ಅದೇ ವರ್ಷ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ ಮುಖಪುಟಕ್ಕೂ ಇವರದೇ ಚಿತ್ರ. ಹಿಪ್ಪಿ ಕಾಲದ ಕಣ್ಣು ತಿದ್ದಿದ ಈ ಕಲಾವಿದ 2002ರಲ್ಲಿ ಮಯೋರ್ಕಾ ದ್ವೀಪದಲ್ಲಿ ತೀರಿಕೊಂಡರು. ಹಳೇ ರೆಕಾರ್ಡ್ ಮಾರುವವರ ಹತ್ತಿರ ಈ ಜಾಕೆಟ್‌ಗಳು ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ಮೊಬೈಲ್ ಪರದೆಯಲ್ಲಿ ಅರ್ಧ ಕುಸುರಿ ಕಾಣುವುದೇ ಇಲ್ಲ.

ಮೊದಲು ಕನಸು ಹಿಡಿಯಬೇಕು

ಉದ್ದನೆಯ ಕನಸುಗಳು ಬೀಳುವುದು ಹೆಚ್ಚಾಗಿ ಬೆಳಗಿನ ಜಾವದ ನಿದ್ದೆಯಲ್ಲಿ. ಎಚ್ಚರವಾದಾಗ ಮಗ್ಗುಲು ಬದಲಿಸಬೇಡಿ, ಮೊಬೈಲ್ ಮುಟ್ಟಬೇಡಿ. ಕೊನೆಯ ದೃಶ್ಯದಿಂದ ಹಿಂದಕ್ಕೆ ನೆನೆಸಿಕೊಳ್ಳುತ್ತಾ ಹೋಗಿ. ಆಮೇಲೆ ದಿಂಬಿನ ಬಳಿಯ ಪುಸ್ತಕದಲ್ಲಿ ಬರೆಯುವ ಬದಲು ಚಿತ್ರಿಸಿ. ಬರೆಯಲು ಹೊರಟರೆ ಮನಸ್ಸು ಕಥೆ ಕಟ್ಟತೊಡಗುತ್ತದೆ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಯಾವುದು ಎಷ್ಟು ದೊಡ್ಡದಿತ್ತು ಎಂಬುದು ಜಾರಿಹೋಗುತ್ತದೆ.

ಹಗಲಿಗೆ ಚಿತ್ರಕಾರ ಸಾಲ್ವಡಾರ್ ಡಾಲಿ 1948ರ ತಮ್ಮ ಪುಸ್ತಕದಲ್ಲಿ ಹೇಳಿದ ಉಪಾಯವಿದೆ. ಕೈಯಿರುವ ಕುರ್ಚಿಯಲ್ಲಿ ಒರಗಿ, ಹೆಬ್ಬೆರಳು ತೋರುಬೆರಳ ನಡುವೆ ಭಾರದ ಕೀಲಿಕೈ ಹಿಡಿದುಕೊಳ್ಳಿ. ಕೆಳಗೆ ತಟ್ಟೆ ಮಗುಚಿಡಿ. ನಿದ್ದೆ ಹತ್ತಿದ ಗಳಿಗೆ ಬೆರಳು ಸಡಿಲಾಗಿ ಕೀಲಿ ಬಿದ್ದು ಸದ್ದಾಗುತ್ತದೆ, ಆಗ ಕಣ್ಣ ಮುಂದಿದ್ದುದನ್ನು ಕೂಡಲೇ ಗೀಚಿಕೊಳ್ಳಿ. ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಸಾಕು. ಊಟ ಹೊಟ್ಟೆ ತುಂಬಾ ಆಗಿದ್ದರೆ ನೇರ ಗಾಢ ನಿದ್ದೆಗೆ ಬೀಳುತ್ತೀರಿ, ಆಗ ಸದ್ದಾದರೂ ನೆನಪಿನಲ್ಲಿ ಏನೂ ಉಳಿದಿರುವುದಿಲ್ಲ.

ಇಡೀ ಕನಸನ್ನು ತುರುಕಬೇಡಿ. ಒಂದೇ ಒಂದು ತಪ್ಪು ಜಾಗ ಆರಿಸಿ. ಲೋಕಲ್ ರೈಲಿನ ಡಬ್ಬಿಯ ಹಿಡಿಕೆಗಳಿಂದ ಮಲ್ಲಿಗೆ ಮಾಲೆಗಳು ನೆಲದವರೆಗೆ ಇಳಿಬಿದ್ದಿವೆ ಅಂದುಕೊಳ್ಳಿ. ಇನ್ನು ಮಾಟುಂಗಾ ಹೂವಿನ ಅಂಗಡಿಗಳ ಮುಂದೆ ನಿಂತು ಮಾಲೆಯನ್ನು ನೋಡಿ ಬರೆಯಿರಿ: ಮೊಗ್ಗಿನ ಬುಡದ ಹಸಿರು, ದಾರ ಬಿಗಿದಲ್ಲಿ ತೊಟ್ಟು ಬಗ್ಗಿದ ರೀತಿ, ಅರಳಿದ ಒಂದೆರಡು ಹೂವಿನ ಕಂದು ಅಂಚು. ಹಿಡಿಕೆಯನ್ನು ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಬರೆದುಕೊಳ್ಳಿ. ಎರಡೂ ನಿಜವಿದ್ದಷ್ಟು ಕನಸು ಗಟ್ಟಿ.

ಹಲಗೆ

12×16 ಇಂಚು ಸಾಕು. ಮರದ ನಾರು ಒತ್ತಿ ಮಾಡಿದ ಸಾದಾ ಎಂಡಿಎಫ್ ಹಲಗೆ ನಮ್ಮ ಮಳೆಗಾಲದಲ್ಲಿ ಅಂಚಿನಿಂದ ಉಬ್ಬುತ್ತದೆ. ಅಡುಗೆಮನೆ ಕಪಾಟಿಗೆ ಬಳಸುವ, ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆಯ ತುಂಡು ಪ್ಲೈವುಡ್ ಅಂಗಡಿಯಲ್ಲಿ ಕೇಳಿ. 180 ನಂಬರಿನ ಸ್ಯಾಂಡ್ ಪೇಪರ್‌ನಿಂದ ಮೇಲಿನ ನುಣುಪು ತೆಗೆಯಿರಿ.

ಬಡಗಿಗಳು ಬಳಸುವ ಸರೇಸ್, ಅಂದರೆ ಪ್ರಾಣಿಜನ್ಯ ಅಂಟು, 14 ಗ್ರಾಂ. ನೀರು 200 ಮಿಲಿ. ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಹಲಗೆಯ ಎರಡೂ ಬದಿಗೆ, ಅಂಚಿಗೂ, ಒಂದು ಕೈ ಬಳಿಯಿರಿ. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ. ಉಳಿದ ಅಂಟಿಗೆ ನುಣ್ಣನೆಯ ಸೀಮೆಸುಣ್ಣದ ಪುಡಿ, ಅದರ ಹತ್ತನೇ ಒಂದು ಪಾಲು ಟೈಟಾನಿಯಂ ಬಿಳಿ ಪುಡಿ ಸೇರಿಸಿ, ನೀರುದೋಸೆ ಹಿಟ್ಟಿನ ಹದಕ್ಕೆ ತನ್ನಿ. ಜೋರಾಗಿ ಕದಡಬೇಡಿ, ಗಾಳಿಗುಳ್ಳೆ ಸೇರಿ ಮೇಲ್ಮೈಯಲ್ಲಿ ಸೂಜಿತೂತು ಬೀಳುತ್ತವೆ. ಇದನ್ನು ಹಲಗೆಗೆ ಪದರಪದರವಾಗಿ ಬಳಿಯಿರಿ: ಹಿಂದಿನ ಪದರದ ಹಸಿ ಹೊಳಪು ಹೋದ ಕೂಡಲೇ ಮುಂದಿನದು, ಒಮ್ಮೆ ಅಡ್ಡ, ಒಮ್ಮೆ ಉದ್ದ, ಒಟ್ಟು ಆರು ಪದರ. ಫ್ಯಾನಿನ ಕೆಳಗೆ ಒಣಗಿಸಿದರೆ ಬಿರುಕು ಬಿಡುತ್ತದೆ. ಫ್ಯಾನ್ ಇಲ್ಲದೆಯೂ ಬಿರಿದರೆ ಅಂಟು ಹೆಚ್ಚಾಗಿದೆ, ಬೆರಳಿಗೆ ಪುಡಿ ಹತ್ತಿದರೆ ಕಡಿಮೆಯಾಗಿದೆ. ಮೂರು ದಿನ ಬಿಟ್ಟು 320, ಆಮೇಲೆ 400 ನಂಬರಿನಲ್ಲಿ ಉಜ್ಜಿ. ಪುಡಿ ಕೆಲಸಕ್ಕೆಲ್ಲ ಮಾಸ್ಕ್ ಬೇಕೇ ಬೇಕು. ಹಲಗೆ ಮಾಡಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್-ಜುಲೈಯಲ್ಲಿ ಹಸಿ ಅಂಟಿಗೆ ಬೂಷ್ಟು ಹಿಡಿಯುತ್ತದೆ.

ಮೊಟ್ಟೆಯ ಬಿಳಿ ಬಣ್ಣ, ಎಣ್ಣೆಯ ಬಣ್ಣ

ಒಂದು ಇಡೀ ಮೊಟ್ಟೆ ಸುಮಾರು 50 ಮಿಲಿ. ಅದನ್ನು ಮುಚ್ಚಳದ ಶೀಶೆಗೆ ಒಡೆದು ಹಾಕಿ ಚೆನ್ನಾಗಿ ಕುಲುಕಿ. 25 ಮಿಲಿ ಸ್ಟ್ಯಾಂಡ್ ಆಯಿಲ್, ಅಂದರೆ ಕಾಯಿಸಿ ಮಂದ ಮಾಡಿದ ಅಗಸೆ ಎಣ್ಣೆ, ಹಾಕಿ ಕುಲುಕಿ. 25 ಮಿಲಿ ಡಾಮರ್ ವಾರ್ನಿಶ್ (ಮರದ ರಾಳದ್ದು, ರಸ್ತೆಯ ಡಾಂಬರಲ್ಲ) ಹಾಕಿ ಮತ್ತೆ ಕುಲುಕಿ. ಕೊನೆಗೆ 100 ಮಿಲಿ ನೀರು, ಅದೂ ಸ್ವಲ್ಪಸ್ವಲ್ಪವಾಗಿ. ಈ ಕ್ರಮ ತಪ್ಪಬಾರದು. ನೀರು ಮೊದಲು ಬಿದ್ದರೆ ಎಣ್ಣೆ ಬೆರೆಯದೆ ಮೇಲೆ ತೇಲುತ್ತದೆ. ಎರಡು ಹನಿ ಲವಂಗದ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬಾಳುತ್ತದೆ. ವಾಸನೆ ಬಂದರೆ ಚೆಲ್ಲಿ. ಶೀಶೆಯ ಮೇಲೆ ದೊಡ್ಡದಾಗಿ ‘ಬಣ್ಣ’ ಎಂದು ಬರೆದಿಡಿ, ಮನೆಯವರು ಬೇರೇನೋ ಅಂದುಕೊಂಡಾರು.

ಟೈಟಾನಿಯಂ ಬಿಳಿ ಪುಡಿಯನ್ನು ನೀರಿನಲ್ಲಿ ಅರೆದು, ಆ ಮುದ್ದೆಗೆ ಸಮಪಾಲು ಈ ಮಿಶ್ರಣ ಸೇರಿಸಿ. ಇದೇ ಮೊಟ್ಟೆಯ ಬಿಳಿ ಬಣ್ಣ. ಹಳೇ ಅಂಗಡಿಯ ಸಫೇದ ಎಂಬ ಬಿಳಿ ಪುಡಿಯಲ್ಲಿ ಸೀಸ ಇರಬಹುದು, ಅದನ್ನು ತರಬೇಡಿ.

ಎಣ್ಣೆ ಪದರಕ್ಕೆ ದ್ರಾವಣ: ಡಾಮರ್ ವಾರ್ನಿಶ್ ಒಂದು ಪಾಲು, ಸ್ಟ್ಯಾಂಡ್ ಆಯಿಲ್ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು. ಹೆಚ್ಚಿನವರು ಎಡವುವುದು ಇಲ್ಲೇ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಟರ್ಪಿನ್’ ಎಂದು ಕೊಡುವುದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬಂದದ್ದು, ಡಾಮರ್ ಅದರಲ್ಲಿ ಪೂರ್ತಿ ಕರಗದೆ ಹಾಲಿನಂತೆ ಬೆಳ್ಳಗಾಗುತ್ತದೆ. ಪೈನ್ ಮರದ ಟರ್ಪೆಂಟೈನನ್ನೇ ಕಲಾ ಸಾಮಗ್ರಿ ಅಂಗಡಿಯಲ್ಲಿ ಕೇಳಿ ತನ್ನಿ. ಧೂಪಕ್ಕೆ ಮಾರುವ ರಾಳವೂ ಬೇಡ, ಕಸ ಹೆಚ್ಚು, ಬಣ್ಣ ಕಂದು. ಕಿಟಕಿ ತೆರೆದೇ ಕೆಲಸ ಮಾಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಿನಲ್ಲಿ ತೋಯಿಸಿ, ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಪದರ ಕಟ್ಟುವುದು

ರೇಖಾಚಿತ್ರವನ್ನು ಟ್ರೇಸಿಂಗ್ ಪೇಪರ್‌ನಿಂದ ಹಲಗೆಗಿಳಿಸಿ, ತೆಳುವಾದ ಜಲನಿರೋಧಕ ಇಂಕಿನಲ್ಲಿ ಗಟ್ಟಿಮಾಡಿ. ಮೇಲೆ ಇಡೀ ಹಲಗೆಗೆ ಪಾರದರ್ಶಕ ಕೆಂಪು ಎಣ್ಣೆ ಬಣ್ಣವನ್ನು ದ್ರಾವಣದಲ್ಲಿ ತೆಳ್ಳಗೆ ಮಾಡಿ ಬಳಿದು, ಮಲ್ ಬಟ್ಟೆಯ ಉಂಡೆಯಿಂದ ತಟ್ಟಿ. ಒಳಗಿನ ಗೆರೆ ಕಾಣುತ್ತಲೇ ಇರಬೇಕು.

ಕೈಗೆ ಅಂಟದಷ್ಟು ಒಣಗಿದ ಮೇಲೆ ಸೊನ್ನೆ ನಂಬರಿನ ಕುಂಚದಲ್ಲಿ ಮೊಟ್ಟೆಯ ಬಿಳಿ ಬಣ್ಣ. ಬಳಿಯುವುದಲ್ಲ, ಕೂದಲೆಳೆಯಂಥ ಗೆರೆಗಳನ್ನು ಪಕ್ಕಪಕ್ಕ ಎಳೆಯುವುದು. ಬೆಳಕು ಜೋರಿದ್ದಲ್ಲಿ ಗೆರೆ ದಟ್ಟ, ತಿರುವಿನಲ್ಲಿ ವಿರಳ, ನೆರಳಿನಲ್ಲಿ ಏನೂ ಇಲ್ಲ. ಅಲ್ಲಿ ಕೆಂಪೇ ನೆರಳಾಗುತ್ತದೆ. ಮಲ್ಲಿಗೆ ಮೊಗ್ಗಿಗೆ ತುದಿಯಲ್ಲಿ ನಾಲ್ಕೈದು ಗೆರೆ, ಪಕ್ಕಕ್ಕೆ ಎರಡು, ಬುಡ ಹಾಗೇ ಬಿಡಿ. ಬಿಳಿ ತೆಳುವಾದಲ್ಲಿ ಕೆಳಗಿನ ಬಣ್ಣ ಸೇರಿ ತಣ್ಣನೆಯ ಬೂದು ಹೊಮ್ಮುತ್ತದೆ. ಕುಂಚದಲ್ಲಿ ಕಲೆಸಿ ಈ ಬೂದನ್ನು ತರಲಾಗದು, ಚಿತ್ರದ ಒಳಬೆಳಕಿಗೆ ಇದೇ ಮೂಲ.

ಮತ್ತೆ ಹಳದಿ ತೆಳುಪದರ, ಮತ್ತೆ ಬಿಳಿ. ಆಮೇಲೆ ನೀಲಿ, ಮತ್ತೆ ಬಿಳಿ. ಫುಕ್ಸ್ ಕಲಿಸುತ್ತಿದ್ದ ಕ್ರಮ ಇದೇ: ಕೆಂಪು, ಹಳದಿ, ನೀಲಿ. ಪ್ರತಿ ಸಲವೂ ಬಿಳಿಯ ಜಾಗ ಕಿರಿದಾಗುತ್ತಾ ಬರಲಿ. ಮೂರೂ ಮುಗಿದ ಮೇಲೆಯೇ ಹೂವಿಗೆ ಹೂವಿನ ಬಣ್ಣ, ಹಿಡಿಕೆಗೆ ಲೋಹದ ಬಣ್ಣ. ಚಳಿಗಾಲದಲ್ಲಿ ಒಂದು ಪದರಕ್ಕೆ ಎರಡು ಮೂರು ದಿನ ಕೊಡಿ, ಮಳೆಗಾಲದಲ್ಲಿ ವಾರ ದಾಟಿದರೂ ಕಾಯಿರಿ.

ಬಿಳಿ ಗೆರೆ ಹನಿಹನಿಯಾಗಿ ಒಡೆದರೆ ಕೆಳಗಿನ ಪದರದಲ್ಲಿ ಎಣ್ಣೆ ಜಾಸ್ತಿಯಾಗಿದೆ. ಹೆಚ್ಚಿದ ಆಲೂಗಡ್ಡೆಯಿಂದ ಮೆಲ್ಲಗೆ ಉಜ್ಜಿ, ಒರೆಸಿ, ಮತ್ತೆ ಎಳೆಯಿರಿ. ಚಿತ್ರ ಸುಣ್ಣ ಬಳಿದಂತೆ ಕಂಡರೆ ಬಿಳಿ ಎಲ್ಲೆಡೆ ಒಂದೇ ದಪ್ಪವಾಗಿದೆ. ನೆರಳಿನ ಮೇಲಿನ ಬಿಳಿಯನ್ನು ಒದ್ದೆ ಬಟ್ಟೆಯಿಂದ ಅದೇ ದಿನ ತೆಗೆಯಿರಿ, ಗಟ್ಟಿಯಾದ ಮೇಲೆ ಬರುವುದಿಲ್ಲ. ಮೊಟ್ಟೆಯ ಬದಲು ಅಕ್ರಿಲಿಕ್ ಬಿಳಿ ಹಾಕುವ ಅಡ್ಡದಾರಿ ಬೇಡವೇ ಬೇಡ. ಎಣ್ಣೆಯ ಮೇಲೆ ಅಕ್ರಿಲಿಕ್ ಕಚ್ಚಿಕೊಳ್ಳುವುದಿಲ್ಲ, ಕಾಲಕ್ರಮೇಣ ಸಿಪ್ಪೆಯಾಗಿ ಎದ್ದು ಬರುತ್ತದೆ. ಮೊಟ್ಟೆ ಮುಟ್ಟದವರು ಬಿಳಿ ಎಣ್ಣೆ ಬಣ್ಣವನ್ನೇ ಬಳಸಬಹುದು. ಗೆರೆ ಅಷ್ಟು ಚೂಪಾಗದು, ಒಣಗಲು ಹೆಚ್ಚು ದಿನ ಬೇಕು, ಆದರೆ ಚಿತ್ರ ಬಾಳುತ್ತದೆ.

ಕೊನೆಯ ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ. ಆ ದಿನ ಮಳೆಗಾಲದಲ್ಲಿ ಬಂದರೆ ನವೆಂಬರ್‌ವರೆಗೆ ಮುಂದೂಡಿ, ಏಕೆಂದರೆ ತೇವದ ಗಾಳಿಯಲ್ಲಿ ಬಳಿದ ಡಾಮರ್ ಮೇಲೆ ಬಿಳಿಚು ಮಬ್ಬು ಕೂರುತ್ತದೆ. ಅಲ್ಲಿಯವರೆಗೆ ಚಿತ್ರವನ್ನು ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಗೆ, ಹಿಂದೆ ಬೆರಳಗಲ ಗಾಳಿ ಆಡುವಂತೆ, ಎರಡು ಮರದ ಚೂರು ಕೊಟ್ಟು ನಿಲ್ಲಿಸಿ.