ಪಾಸ್‌ವರ್ಡ್ ಕೇಳದೆ ಬ್ಯಾಂಕ್ ಖಾತೆ ಜೋಡಿಸಿದ ನನ್ನ ಅನುಭವ

ಆಪ್‌ಗೆ ಬ್ಯಾಂಕ್ ಖಾತೆಯನ್ನೇ ನೇರ ಜೋಡಿಸೋಣ ಅಂದಾಗ "ಕಾರ್ಡ್ ಇರುವಾಗ ಇದೆಲ್ಲ ಯಾಕೆ, ಜನ ಒಪ್ಪಲ್ಲ" ಅಂತ ಎಲ್ಲರೂ ಹೇಳಿದ್ದರು. ಈಗ ಎಂಟು ತಿಂಗಳಿಂದ ನಿಲ್ಲದೆ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯುರೋಪಿನ ಬಳಕೆದಾರರ ಖರ್ಚು ಲೆಕ್ಕ ಇಡುವ ಆಪ್. ಮೊದಲು ಅವರ ಪಾಸ್‌ವರ್ಡ್ ಪಡೆದು ಬ್ಯಾಂಕಿನ ಪುಟವನ್ನೇ ಸ್ಕ್ರೇಪ್ ಮಾಡುತ್ತಿದ್ದೆವು, ಅಂದರೆ ನಮ್ಮ ಪ್ರೋಗ್ರಾಂ ಅವರ ಹೆಸರಲ್ಲಿ ಲಾಗಿನ್ ಆಗಿ ಪುಟದಿಂದ ಮಾಹಿತಿ ಹೆಕ್ಕುತ್ತಿತ್ತು. ಬ್ಯಾಂಕಿನವರು ಒಂದು ಬಟನ್ ಜಾಗ ಬದಲಿಸಿದರೂ ಅವತ್ತು ರಾತ್ರಿ ನಿದ್ದೆ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಎರಡು ಹಂತದ ದೃಢೀಕರಣದ ನಿಯಮ ಬಂದ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಲೈಸೆನ್ಸ್ ಇರುವ ಮಧ್ಯವರ್ತಿ ಕಂಪನಿಯೊಂದರ ಮೂಲಕ ಎಪಿಐಗೆ, ಅಂದರೆ ಬ್ಯಾಂಕೇ ಬೇರೆ ಆಪ್‌ಗಳಿಗೆ ಮಾಹಿತಿ ಕೊಡುವ ಅಧಿಕೃತ ದಾರಿಗೆ ಬಂದೆವು.

ಅಲ್ಲೂ ಪೆಟ್ಟು ತಿಂದೆವು. 90 ದಿನಕ್ಕೊಮ್ಮೆ ಬಳಕೆದಾರರು ಬ್ಯಾಂಕಿನಲ್ಲಿ ಮತ್ತೆ ದೃಢೀಕರಿಸಬೇಕಿತ್ತು. ಪ್ರತಿ ಸಲ ನೂರರಲ್ಲಿ ಸುಮಾರು ಮೂವತ್ತು ಜನ ವಾಪಸ್ ಬರುತ್ತಲೇ ಇರಲಿಲ್ಲ. 2023ರ ಜುಲೈನಲ್ಲಿ ಅದು 180 ದಿನವಾಯಿತು. ಆದರೆ ನಿಜವಾಗಿ ಕೈ ಹಿಡಿದದ್ದು ಬೇರೆ: ಮೇಲ್ ಕಳಿಸುವುದು ಬಿಟ್ಟು, ಗಡುವಿಗೆ ಹತ್ತು ದಿನ ಮೊದಲೇ, ಅವರು ಬ್ಯಾಲೆನ್ಸ್ ನೋಡುತ್ತಿರುವಾಗಲೇ ಕೇಳಿದೆವು. ಬಿಟ್ಟುಹೋಗುವವರು ಹತ್ತಕ್ಕೆ ಇಳಿದರು.

ಅತಿ ಜಾಸ್ತಿ ಕಾಡಿದ್ದು ಒಂದೇ ಖರ್ಚು ಎರಡು ಸಲ ಬೀಳುವುದು. ಪೆಟ್ರೋಲ್ ಬಂಕಿನಲ್ಲಿ ಕಾರ್ಡ್ ಉಜ್ಜಿದರೆ ಮೊದಲು ಪೆಂಡಿಂಗ್‌ನಲ್ಲಿ ಒಂದು ಮೊತ್ತ, ಎರಡು ದಿನ ಬಿಟ್ಟು ಬೇರೆ ಮೊತ್ತ, ಜೊತೆಗೆ ವಹಿವಾಟಿನ ಐಡಿಯೂ ಹೊಸದು. ಆಪ್‌ನಲ್ಲಿ ಎರಡು ಖರ್ಚು! ಇವೆರಡೂ ಒಂದೇ ಅಂತ ಗುರುತಿಸುವ ಲೆಕ್ಕ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಆ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ತಿಂಗಳಿಗೆ ಇನ್ನೂರು ದೂರು ಬರುತ್ತಿದ್ದ ಕಡೆ ಈಗ ಐದಾರು ಬಂದರೆ ಹೆಚ್ಚು.

ಚಂದಾ ಹಣವನ್ನೂ ನೇರ ಖಾತೆಯಿಂದಲೇ ತೆಗೆದುಕೊಂಡೆವು. ಮೊತ್ತ, ನಮ್ಮ ಖಾತೆ ನಂಬರ್ ಎಲ್ಲ ತುಂಬಿಯೇ ಹೋಗುತ್ತದೆ, ಅವರು ಬ್ಯಾಂಕ್ ಆಪ್‌ನಲ್ಲಿ ಬೆರಳಿಟ್ಟರೆ ಮುಗಿಯಿತು. ಕಾರ್ಡ್ ಶುಲ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಆದರೆ ಇಲ್ಲಿ ಕಾರ್ಡಿನ ಹಾಗೆ ಚಾರ್ಜ್‌ಬ್ಯಾಕ್ (ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯುವ ವ್ಯವಸ್ಥೆ) ಇಲ್ಲ. ರೀಫಂಡ್ ದಾರಿಯನ್ನು ನಾವೇ ಕಟ್ಟಬೇಕು, ಅಲ್ವಾ? ಮೊದಲ ತಿಂಗಳು ಅದನ್ನು ಕಟ್ಟದೆ ಬಿಟ್ಟಿದ್ದೆವು. ಒಂದೊಂದಾಗಿ ಕೈಯಾರೆ ಹಣ ವಾಪಸ್ ಕಳಿಸಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬಳಕೆದಾರರ ಒಪ್ಪಿಗೆ ಪಡೆದು, ಕಂತು ಕಡಿತವಾಗುವ ಹಿಂದಿನ ಸಂಜೆ ಬ್ಯಾಲೆನ್ಸ್ ನೋಡಿ, ಕಡಿಮೆ ಇದ್ದರೆ ಎಚ್ಚರಿಸುವುದು. ಫೇಲ್ ಆಗುವ ಕಂತುಗಳು ನೂರಕ್ಕೆ ಹನ್ನೆರಡರಿಂದ ನಾಲ್ಕಕ್ಕೆ ಬಂದವು. ಈಗ ಅದನ್ನೇ ಸಂಬಳ ಬರುವ ದಿನಕ್ಕೆ ಹೊಂದಿಸಿ ನೋಡುತ್ತಿದ್ದೇನೆ.