ಪ್ರಾಜೆಕ್ಟ್‌ಗೆ ಲೈಬ್ರರಿ ಜಾಲಾಡುವುದು ಹೇಗೆ?

'ಲೈಬ್ರರಿಯಲ್ಲಿ ಏನೂ ಸಿಗಲಿಲ್ಲ ಸಾರ್.' ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಸನ, ಚಿಕ್ಕಮಗಳೂರಿನ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತಿದು. ಹುಡುಕಿದ್ದು ಹೇಗೆ ಅಂತ ವಿಚಾರಿಸಿದರೆ, ಕಂಪ್ಯೂಟರ್ ಮುಂದೆ ಕೂತು 'ಸಕಲೇಶಪುರ ಇತಿಹಾಸ' ಎಂದು ಒಂದೇ ಸಲ ಟೈಪಿಸಿ ಎದ್ದು ಬಂದಿರುತ್ತಾರೆ. ಬೇಕಾದ ಪುಸ್ತಕ ಅದೇ ಕೋಣೆಯ ಕಪಾಟಿನಲ್ಲಿರುತ್ತದೆ.

ಮೊದಲು ವಿಷಯವನ್ನು ಒಂದು ತಾಲ್ಲೂಕು, ಒಂದು ಕಾಲಕ್ಕೆ ಇಳಿಸಿ. ಬರೀ 'ಹೊಯ್ಸಳರು' ಅಂತ ಬರೆದುಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.

ಎರಡನೆಯದು ಹೆಸರುಗಳ ಪಟ್ಟಿ. ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ಊರು, ತಾಲ್ಲೂಕು, ಜಿಲ್ಲೆಗೆ ಹಿಂದೆ ಏನೇನು ಹೆಸರಿತ್ತೋ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಸಕಲೇಶಪುರ ತಾಲ್ಲೂಕು ಇರುವುದು ಮಂಜರಾಬಾದ್ ಎಂದು. ಚಿಕ್ಕಮಗಳೂರು ಜಿಲ್ಲೆ ಇರುವುದು ಕಡೂರು ಜಿಲ್ಲೆ ಎಂದು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೇ ಸಂಪುಟ (1902) ಹಾಸನದ್ದು; ಚಿಕ್ಕಮಗಳೂರಿನ ಶಾಸನಗಳು 6ನೇ ಸಂಪುಟದಲ್ಲಿ ಕಡೂರಿನ ಹೆಸರಿನಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳೇ ಬೇರೆ. ಹಾಗಾಗಿ ಯಾವ ಆವೃತ್ತಿ ಎಂಬುದನ್ನು ಬರೆಯದೆ ಶಾಸನದ ಸಂಖ್ಯೆಯಷ್ಟೇ ಕೊಟ್ಟರೆ ಅಡಿಟಿಪ್ಪಣಿ ದಂಡ. ಇನ್ನೊಂದು ಮಾತು: ರೈಸ್ ಸಂಪುಟದಲ್ಲಿ ಹಲ್ಮಿಡಿ ಶಾಸನ ಹುಡುಕಬೇಡಿ. ಅದನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ನೋಡಬೇಕಾದ್ದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ.

ಪಟ್ಟಿಗೆ ಕಾಗುಣಿತವನ್ನೂ ಸೇರಿಸಿ. ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುವುದು ಹೆಚ್ಚು. 'ಶಾಸನ'ಕ್ಕೆ ಒಬ್ಬರು ಎಸ್ ಮಾತ್ರ ಹಾಕಿರುತ್ತಾರೆ, ಇನ್ನೊಬ್ಬರು ಎಸ್ ಎಚ್. 'ಹೊಯ್ಸಳ'ದ ನಡುವೆ ಒಂದು ಎ ಬಂದು ಕೂತರೂ ಪುಸ್ತಕ ಮಾಯ. ಪೂರ್ತಿ ಶೀರ್ಷಿಕೆ ಹೊಡೆಯಬೇಡಿ; ಲೇಖಕರ ಹೆಸರಿನ ಮೊದಲ ನಾಲ್ಕೈದು ಅಕ್ಷರ ಸಾಕು. ಒಂದು ಪುಸ್ತಕ ಸಿಕ್ಕಿತೆಂದರೆ ಅದರ ಬೆನ್ನಿನ ಮೇಲಿನ ಸಂಖ್ಯೆ ನೋಡಿ ಕಪಾಟಿಗೇ ಹೋಗಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸ 954.87, ಕನ್ನಡ ಸಾಹಿತ್ಯ 894.814. ಅಕ್ಕಪಕ್ಕದ ಪುಸ್ತಕಗಳನ್ನು ತೆಗೆದು ಪರಿವಿಡಿ ನೋಡಿ. ಕಂಪ್ಯೂಟರ್ ತೋರಿಸದ್ದು ಅಲ್ಲಿ ಸಿಗುತ್ತದೆ.

ಆಮೇಲೆ ಶೋಧಗಂಗಾ, ಭಾರತದ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳ ಜಾಲತಾಣ. ಪಿಎಚ್‌.ಡಿ. ಪ್ರಬಂಧಗಳು ಪುಕ್ಕಟೆ, ಪಾಸ್‌ವರ್ಡ್ ಬೇಡ. ನಾನು ಮೊದಲು ತೆರೆಯಿಸುವುದು ಕೊನೆಯ ಗ್ರಂಥಸೂಚಿಯನ್ನೇ. ಇನ್ನೊಬ್ಬರು ವರ್ಷಗಟ್ಟಲೆ ಅಲೆದು ಕೂಡಿಸಿದ ಪಟ್ಟಿ ಅದು. ಹಳೇ ನುಡಿ ಫಾಂಟಿನಲ್ಲಿ ಟೈಪಾದ ಪ್ರಬಂಧದೊಳಗೆ ಯೂನಿಕೋಡಿನಲ್ಲಿ, ಅಂದರೆ ಈಗಿನ ಮೊಬೈಲ್, ಕಂಪ್ಯೂಟರಿನ ಕನ್ನಡದಲ್ಲಿ, ಹುಡುಕಿದರೆ ಏನೂ ಬರದು, ಪುಟ ತಿರುವಲೇಬೇಕು. ಇಂಗ್ಲಿಷ್ ಜರ್ನಲ್‌ಗಳಿಗೆ ಎನ್‌-ಲಿಸ್ಟ್ (ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುವ ಯೋಜನೆ) ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಕಾಲೇಜು ಸದಸ್ಯತ್ವ ಪಡೆದಿದ್ದರೆ ಲಾಗಿನ್ ಅವರೇ ಕೊಡಿಸುತ್ತಾರೆ. ಎಐ ಚಾಟ್‌ನಿಂದ ಆಕರಗಳ ಪಟ್ಟಿ ಮಾತ್ರ ಮಾಡಿಸಬೇಡಿ: ಪುಟಸಂಖ್ಯೆಯ ಸಮೇತ ಇಲ್ಲದ ಪುಸ್ತಕ ಹುಟ್ಟಿಸಿಕೊಡುತ್ತದೆ. ಜೆರಾಕ್ಸ್ ಅಂಗಡಿಯ ರೆಡಿಮೇಡ್ ಪ್ರಾಜೆಕ್ಟ್ ಇನ್ನೂ ಕಡೆ. ಒಂದೇ ಕಾಗುಣಿತದ ತಪ್ಪು ಅರ್ಧ ಕ್ಲಾಸಿನಲ್ಲಿ ಕಾಣುತ್ತದೆ.

ಟಿಪ್ಪಣಿ ಕೈಬರಹದಲ್ಲೇ ಇರಲಿ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಶೀರ್ಷಿಕೆಪುಟವನ್ನೇ ಮೊದಲು ಹೊಡೆಯಿರಿ. ಇಲ್ಲದಿದ್ದರೆ ವಾರದ ನಂತರ ಯಾವ ಪುಸ್ತಕದ ಪುಟ ಎಂದೇ ತಿಳಿಯದು. ಶಾಸನದಲ್ಲಿ ಕಾಣುವ ಶಕವರ್ಷವನ್ನು ಕ್ರಿ.ಶ.ಗೆ ತರಲು 78 ಕೂಡಿಸಿ: ಬೇಲೂರು ಚೆನ್ನಕೇಶವ ಪ್ರತಿಷ್ಠೆಯ ಶಕ 1039 ಎಂದರೆ ಕ್ರಿ.ಶ. 1117. ತಿಥಿ ಮಾಘ, ಫಾಲ್ಗುಣದ್ದಾದರೆ 79.

ಕಾಲೇಜಿನಲ್ಲಿ ಮುಗಿಯದಿದ್ದರೆ ಹೊರಗೆ ಹೊರಡಿ. ಕಾಫಿಯ ವಿಷಯವಾದರೆ ಬಾಳೆಹೊನ್ನೂರು ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಸಂಸ್ಥಾನದ ಕಡತಗಳಿಗೆ ರಾಜ್ಯ ಪತ್ರಾಗಾರದ ಬೆಂಗಳೂರು, ಮೈಸೂರು ಕಚೇರಿಗಳು. ಪ್ರಿನ್ಸಿಪಾಲರ ಪತ್ರ, ಐಡಿ ಕಾರ್ಡ್ ಜೊತೆಗಿರಲಿ. ಪತ್ರದಲ್ಲಿ 'ಸಂಶೋಧನೆಗಾಗಿ' ಎಂದಷ್ಟೇ ಬೇಡ, ಮಂಜರಾಬಾದ್ ತಾಲ್ಲೂಕಿನ ಇಂಥ ಇಸವಿಯಿಂದ ಇಂಥ ಇಸವಿಯ ಕಂದಾಯ ಕಡತ ಎಂದು ಬರೆಯಿಸಿ. ಪೆನ್ನು ಬ್ಯಾಗಿನಲ್ಲೇ ಇರಲಿ, ಹಳೇ ಕಾಗದದ ಮುಂದೆ ಪೆನ್ಸಿಲ್ ಹಿಡಿದು ಕೂರಿ.